ಮೆಡಿಯಾಳ ಮಾತೂ ಹೂಜಿಯ ಬಿಳಿ ಬಣ್ಣವೂ

ನಮಸ್ಕಾರ. ಪ್ರಾಚೀನ ಗ್ರೀಸಿನ ಬಗ್ಗೆ ನೀವು ಕಳಿಸಿದ ‘ಅಥೆನ್ಸಿನ ಸ್ತ್ರೀ’ ಲೇಖನ ಓದಿದೆವು. ಈಗಿರುವ ಹಾಗೆ ಅಚ್ಚಿಗೆ ಹೋಗುವುದಿಲ್ಲ. ಭಾಷೆಗೆ ಓಟವಿದೆ, ಸಾಕ್ಷ್ಯ ಕುಂಟುತ್ತಿದೆ.

ಗ್ರೀಕ್ ನಾಟಕದ ನಾಯಕಿ ಮೆಡಿಯಾ ಗಂಡನಿಗೆ ಎದುರಾಡಿದಳು, ಆದ್ದರಿಂದ ಅಲ್ಲಿನ ಹೆಂಗಸರಿಗೆ ಮಾತಿನ ಸ್ವಾತಂತ್ರ್ಯವಿತ್ತು ಎಂದಿದ್ದೀರಿ. ಆ ಮಾತು ಬರೆದವನು ಯುರಿಪಿಡೀಸ್, ಕ್ರಿ.ಪೂ. 431ರಲ್ಲಿ ರಂಗದ ಮೇಲೆ ಆಡಿದವನು ಮುಖವಾಡ ತೊಟ್ಟ ಗಂಡಸು. ಅವಳೋ ಕಪ್ಪು ಸಮುದ್ರದಾಚೆಯ ಕೊಲ್ಖಿಸಿನ ಪರದೇಶಿ, ಕಥೆ ನಡೆಯುವುದು ಕೊರಿಂಥದಲ್ಲಿ. ಅಥೆನ್ಸಿನ ಗಂಡಸರ ಅಂಜಿಕೆ ತಿಳಿಯಲು ಇದನ್ನು ಬಳಸಿ, ಮನೆವಾರ್ತೆ ತಿಳಿಯಲು ಬೇಡ.

ಮನೆವಾರ್ತೆಗೆ, ಕಕ್ಷಿಗಾರರಿಗೆ ಭಾಷಣ ಬರೆದುಕೊಡುತ್ತಿದ್ದ ಲಿಸಿಯಾಸನ ನ್ಯಾಯಾಲಯದ ಭಾಷಣವೊಂದಿದೆ. ಹೆಂಡತಿಯ ಮಿಂಡನನ್ನು ಕೊಂದ ಯೂಫಿಲೆಟಸ್ ತನ್ನ ಪರ ವಾದಿಸುತ್ತಾನೆ. ಕೊಲೆಯ ಬಗ್ಗೆ ಅವನ ಮಾತನ್ನು ಪೂರ್ತಿ ನಂಬಬೇಡಿ, ತಲೆ ಉಳಿಸಿಕೊಳ್ಳುವ ಅವಸರ ಅವನದು. ಆದರೆ ನಡುವೆ ಮನೆಯ ಸಂಗತಿ ಬರುತ್ತದೆ: ಎರಡಂತಸ್ತು, ಮೇಲೆ ಹೆಂಗಸರು, ಕೆಳಗೆ ಗಂಡಸರು. ಮಗು ಹುಟ್ಟಿದ ಮೇಲೆ, ಅದನ್ನು ತೊಳೆಯಲು ಇಳಿಯುವಾಗ ತಾಯಿ ಏಣಿಯಿಂದ ಬಿದ್ದುಬಿಟ್ಟಾಳೆಂಬ ಅಂಜಿಕೆಗೆ ತಾನು ಮೇಲಕ್ಕೆ ಹೋದ, ಹೆಂಗಸರು ಕೆಳಕ್ಕೆ ಬಂದರು. ಕೇಳುತ್ತಿದ್ದ ನ್ಯಾಯದರ್ಶಿಗಳೂ ಅದೇ ಊರಿನ ಮನೆಗಳಲ್ಲಿದ್ದವರು. ಊರಿನಲ್ಲಿ ನಡೆಯದ ಮಾತು ಹೇಳಿದ್ದರೆ ಕೇಸೇ ಕೆಡುತ್ತಿತ್ತು. ಹೆಂಗಸರ ಜಾಗ ಹೀಗೆ ಬದಲಾಗುತ್ತಿದ್ದ ಮೇಲೆ, ಅದಕ್ಕೆ ನೀವು ಬಳಸಿದ ‘ಅಂತಃಪುರ’ ಪದ ಇಲ್ಲೇ ಬಿದ್ದುಹೋಗುತ್ತದೆ.

ಗ್ರೀಕ್ ಹೂಜಿಯ ಮೇಲೆ ಬರೆದ ಹೆಂಗಸರು ಬೆಳ್ಳಗಿದ್ದಾರೆ, ಬಿಸಿಲಿಗೇ ಬರುತ್ತಿರಲಿಲ್ಲ ಎಂದೂ ಬರೆದಿದ್ದೀರಿ. ಜೇಡಿಮಣ್ಣಿನ ಮೇಲೆ ಆಕೃತಿಗಳನ್ನು ಕಪ್ಪಾಗಿ ಬರೆಯುವ ಕಪ್ಪು ಆಕೃತಿಯ ಶೈಲಿಯಲ್ಲಿ ಹೆಣ್ಣಿನ ಮೈಗೆ ಬಿಳಿ ಬಳಿಯುವುದು ವಾಡಿಕೆ. ಕ್ರಿ.ಪೂ. 530ರ ಸುಮಾರಿಗೆ ಬಂದ ಕೆಂಪು ಆಕೃತಿಯ ಶೈಲಿಯಲ್ಲಿ ಗಂಡಿಗೂ ಹೆಣ್ಣಿಗೂ ಜೇಡಿಮಣ್ಣಿನ ಬಣ್ಣವೇ. ಒಂದೇ ತಲೆಮಾರಿನಲ್ಲಿ ಎಲ್ಲರೂ ಬಿಸಿಲಿಗೆ ಬಂದರೇನು? ಅದಿರಲಿ, ನೀವು ಕಳಿಸಿದ ಚಿತ್ರದಲ್ಲೇ ಅವರು ಊರವರೆಲ್ಲ ನೀರು ತುಂಬುವ ನೀರಿನ ಮನೆಯಲ್ಲಿದ್ದಾರಲ್ಲ! ಅವರು ಗೃಹಿಣಿಯರೋ ದಾಸಿಯರೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಇಂಥ ಹೂಜಿಗಳು ಹಲವು ಸಿಕ್ಕಿರುವುದು ಇಟಲಿಯ ವುಲ್ಚಿಯಲ್ಲಿ, ಅಲ್ಲಿನ ಪುರಾತನ ಜನರಾದ ಎಟ್ರುಸ್ಕನ್ನರ ಗೋರಿಗಳಲ್ಲಿ. ಚಿತ್ರದ ಅಡಿಯಲ್ಲಿ ಪಾತ್ರೆಯ ಬಗೆ, ಕಾಲ, ಸಿಕ್ಕ ಜಾಗ ಮೂರನ್ನೂ ಬರೆಯಿರಿ.

ಇನ್ನು ಗ್ರೀಕ್ ನಾಟಕಕಾರ ಸೊಫೊಕ್ಲಿಸನದೆಂದು ಕೊಟ್ಟಿರುವ ಸಾಲು ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ನದು. ಗ್ರೀಕ್ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿದ ಕೃತಿ ಅದು, ಗ್ರೀಕ್ ಸಮಾಜಕ್ಕೆ ಸಾಕ್ಷಿ ಹೇಳದು. ತೆಗೆಯಿರಿ.

ಪೀಠಿಕೆಯ ಎರಡು ಪುಟ ಬಿಟ್ಟು, ಹೂಜಿಯಿಂದಲೇ ಶುರುಮಾಡಿ ಮತ್ತೆ ಕಳಿಸಿ. ಆ ಹೂಜಿಗೆ ಮೂರು ಹಿಡಿಕೆ: ಎತ್ತಲು ಎರಡು, ಬಗ್ಗಿಸಲು ಹಿಂದೊಂದು. ಚಿತ್ರದಲ್ಲಿ ತಲೆಯ ಮೇಲೆ ಅಡ್ಡ ಮಲಗಿಸಿದ ಹೂಜಿ ಖಾಲಿ, ನೆಟ್ಟಗೆ ನಿಂತದ್ದು ತುಂಬಿದ್ದು. ಯಾರು ಬರುತ್ತಿದ್ದಾರೆ, ಯಾರು ಹೊರಟಿದ್ದಾರೆ ಎಂದು ನೀವು ಇನ್ನೂ ನೋಡಿಲ್ಲ.