ಗೆರೆ ಬೆಳ್ಳಗಾದರೆ ಟೈಮ್ ಮುಟ್ಟಬೇಡಿ

ಪ್ರಶ್ನೆ: ಸರ್, ಊರ ಹೊರಗೆ ಹೈವೇ ಮೇಲಿನ ಸೇತುವೆಯಲ್ಲಿ ನಿಂತು ವಾಹನಗಳ ಬೆಳಕಿನ ಗೆರೆ ತೆಗೆಯಲು ಹೋಗಿದ್ದೆ. ರಾತ್ರಿ ಒಂಬತ್ತು ಗಂಟೆ. ಐಎಸ್‌ಒ 800, ಎಫ್/4, 30 ಸೆಕೆಂಡು. ಫೋಟೋ ಪೂರ್ತಿ ಬೆಳ್ಳಗೆ! 5 ಸೆಕೆಂಡಿಗೆ ಇಳಿಸಿದೆ. ಆಗಲೂ ಹೆಡ್‌ಲೈಟಿನ ಗೆರೆ ಸುಣ್ಣ ಬಳಿದ ಹಾಗೆ, ಅದೂ ತುಂಡು ತುಂಡು. ಕೆಲವಂತೂ ಹಾವಿನಂತೆ ಡೊಂಕು. ಟ್ರೈಪಾಡ್ ಇತ್ತು. ಎಲ್ಲಿ ತಪ್ಪಿದೆ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಎನ್‌ಎಚ್ 48 ಅಲ್ವಾ? ನನ್ನಂಥ ಹಳಬರಿಗೆ ಅದಿನ್ನೂ ಎನ್‌ಎಚ್ 4. ಜಾಗ ಒಳ್ಳೆಯದೇ. ನೀವು ಟೈಮ್, ಅಂದರೆ ಶಟರ್ ತೆರೆದು ಬೆಳಕು ಒಳಬಿಡುವ ಹೊತ್ತು, ಇಳಿಸಿದ್ದೇ ಎಡವಟ್ಟಾಯಿತು.

80 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಅದರ ದೀಪ ಫೋಟೋದ ಒಂದು ಚುಕ್ಕಿಯ ಮೇಲೆ ನಿಲ್ಲುವುದೇ ಇಲ್ಲ, ಸವರಿಕೊಂಡು ಹೋಗುತ್ತದೆ. ಶಟರ್ 5 ಸೆಕೆಂಡು ತೆರೆದಿರಲಿ, 30 ಇರಲಿ, ಆ ಚುಕ್ಕಿಗೆ ಆ ಲಾರಿಯಿಂದ ಸಿಗುವ ಬೆಳಕು ಅಷ್ಟೇ. ಗೆರೆಯ ಹೊಳಪು ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಕೈಯಲ್ಲಿದೆ. ಟೈಮ್ ಜಾಸ್ತಿಯಾದಂತೆ ಬೆಳಗುವುದು ನಿಂತಲ್ಲೇ ನಿಂತಿರುವ ಬೀದಿದೀಪ, ರಸ್ತೆ, ಆಕಾಶ. ಐಎಸ್‌ಒ 100, ಎಫ್/11 ಮಾಡಿ ನೋಡಿ. ಗೆರೆಯ ಹೊಳಪು ಸುಮಾರು 64 ಪಟ್ಟು ತಗ್ಗುತ್ತದೆ. ಟೈಮ್ 20 ಸೆಕೆಂಡು ಇರಲಿ. 5 ಸೆಕೆಂಡಿಗೆ ಲಾರಿ ಚೌಕಟ್ಟು ದಾಟುವ ಮೊದಲೇ ಶಟರ್ ಮುಚ್ಚಿತು, ಅದಕ್ಕೇ ತುಂಡು. ಸಣ್ಣ ಚುಕ್ಕಿಗಳ ಸಾಲಿನಂತೆ ಕಂಡರೆ ಮಾತ್ರ ಅದು ಕೆಲವು ಎಲ್‌ಇಡಿ ದೀಪಗಳ ಮಿಣುಕು. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಏನೂ ಮಾಡಲಾಗದು, ನನಗಂತೂ ಅದು ಚೆಂದವೇ.

ಒಂಬತ್ತು ಗಂಟೆಗೆ ಹೋಗಬೇಡಿ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷಕ್ಕೆ ಆಕಾಶ ನೀಲಿಯಾಗಿರುತ್ತದೆ, ಗೆರೆ ಅದರ ಎದುರು ಏಳುತ್ತದೆ. ಆಮೇಲೆ ಬರೀ ಕಪ್ಪು.

ಇನ್ನು ಡೊಂಕು. ಅದು ಸೇತುವೆಯ ಕುಣಿತ. ನಿಮ್ಮ ಬೆನ್ನ ಹಿಂದೆ ಒಂದು ಟ್ರ್ಯಾಕ್ಟರ್ ಹೋದರೂ ಸೇತುವೆ ಅದುರುತ್ತದೆ. ಎರಡು ಕಂಬಗಳ ನಡುವೆ ಅದುರು ಜಾಸ್ತಿ, ಕಂಬದ ನೇರಕ್ಕೆ ಕಡಿಮೆ. ಅಲ್ಲಿ ಫುಟ್‌ಪಾತಿನಲ್ಲಿ ನಿಲ್ಲಿ, ಹೈವೇ ಅಂಚಿಗಂತೂ ಇಳಿಯಲೇಬೇಡಿ. ಹಿಂದೆ ಗಾಡಿ ಬರುವ ಸದ್ದಾದರೆ ಲೆನ್ಸಿಗೆ ತಾಗದಂತೆ ಕಪ್ಪು ರಟ್ಟು ಅಡ್ಡ ಹಿಡಿಯಿರಿ, ಹೋದ ಮೇಲೆ ತೆಗೆಯಿರಿ. ಶಟರ್ ತೆರೆದೇ ಇರಲಿ. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಆಫ್, ಕ್ಲಿಕ್ಕಿಗೆ 2 ಸೆಕೆಂಡಿನ ಟೈಮರ್.

ನಾನೂ ಡೊಂಕು ಗೆರೆ ಎಳೆದವನೇ. ನಮ್ಮ ಚಿತ್ರದುರ್ಗ ಗುಡ್ಡದ ಮೇಲೆ ವಿಂಡ್ ಫ್ಯಾನ್ ನೆಟ್ಟಿರುವ ಊರು. ಆಷಾಢದ ಗಾಳಿಯಲ್ಲಿ ತಾರಸಿ ಮೇಲೆ ಟ್ರೈಪಾಡ್ ಅಲ್ಲಾಡದಿರಲಿ ಅಂತ ಬ್ಯಾಗು ನೇತುಹಾಕಿದೆ. ಬ್ಯಾಗು ತೊಟ್ಟಿಲಿನಂತೆ ತೂಗಿತು, ಜೊತೆಗೆ ಕ್ಯಾಮೆರಾನೂ. ಆಗ ರೀಲಿನ ಕಾಲ. 36 ಫೋಟೋನೂ ಹಾಳು ಅಂತ ಗೊತ್ತಾಗಿದ್ದು ತೊಳೆಸಿದ ಮೇಲೆ. ಬ್ಯಾಗು ನೆಲಕ್ಕೆ ತಾಗುವಂತಿರಬೇಕು.

ಪ್ರಶ್ನೆ: 30 ಸೆಕೆಂಡಿನ ಫೋಟೋ ತೆಗೆದ ಮೇಲೆ ಕ್ಯಾಮೆರಾ ಇನ್ನೊಂದು 30 ಸೆಕೆಂಡು ಕೆಲಸ ಮಾಡಲ್ಲ. ರಿಪೇರಿಯವರು ಬೋರ್ಡ್ ಹೋಗಿದೆ ಅಂದರು. ಹೌದಾ?
– ಓದುಗರು, ಹಿರಿಯೂರು

ಉತ್ತರ: ನನಗಂತೂ ಹಾಗನ್ನಿಸುವುದಿಲ್ಲ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇರಬೇಕು. ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಇನ್ನೊಂದು ಕತ್ತಲ ಫೋಟೋ ತೆಗೆದು, ಅದರಲ್ಲಿ ಕಾಣುವ ಬಣ್ಣದ ಚುಕ್ಕಿಗಳನ್ನು ನಿಮ್ಮ ಫೋಟೋದಿಂದ ಕಳೆಯುತ್ತದೆ. ಆಫ್ ಮಾಡಿ ನೋಡಿ. ಸರಿಹೋದರೆ, ಬೋರ್ಡಿಗೆ ಮುಂಗಡ ಕೊಟ್ಟಿದ್ದೀರಾ? ವಾಪಸ್ ಕೇಳಿ.