ಆ ಟ್ರಂಕು ರದ್ದಿಗೆ ಹೋಗಬಾರದು

ಸಾಗರದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಮಾವನವರ ಟ್ರಂಕಿನಲ್ಲಿ ಕಾಗೋಡು ಹೋರಾಟದ ಕರಪತ್ರ, ಸಮಾಜವಾದಿ ಪುಸ್ತಕ, ಹೆಂಗಸರು ಬರೆದ ನಾಲ್ಕಾರು ಪುಸ್ತಿಕೆ ಇವೆ. ಎಲ್ಲಾ ಫೋನಲ್ಲೇ ಸಿಗುತ್ತೆ, ರದ್ದಿಗೆ ಹಾಕಮ್ಮ ಅಂತಾನೆ ಮಗ. ಏನು ಮಾಡಲಿ?’

ದಯವಿಟ್ಟು ಹಾಕಬೇಡಿ. ಫೋನಲ್ಲಿ ಓದೋದು ತಪ್ಪಲ್ಲ, ದೂರದೂರಿನ ಮಕ್ಕಳಿಗೆ ಅನುಕೂಲವೇ. ಆದರೆ ಸ್ಕ್ಯಾನ್ ಮಾಡೋಕಾದರೂ ಒಂದು ಪ್ರತಿ ಉಳಿದಿರಬೇಕು, ಅಲ್ವಾ?

ಮರಾಠಿ ಲೇಖಕಿ ತಾರಾಬಾಯಿ ಶಿಂದೆ 1882ರಲ್ಲಿ ಪುಣೆಯಲ್ಲಿ ‘ಸ್ತ್ರೀ ಪುರುಷ ತುಲನಾ’ ಅಚ್ಚು ಹಾಕಿಸಿದರು. ತಪ್ಪನ್ನೆಲ್ಲ ಹೆಂಗಸರ ತಲೆಗೆ ಕಟ್ಟುವ ಗಂಡಸರಿಗೆ ಕೊಟ್ಟ ಖಡಕ್ ಉತ್ತರ ಅದು. ಅಚ್ಚಾಗಿದ್ದು ಬರೀ 500 ಪ್ರತಿ. ಜನ ಮರೆತೇಬಿಟ್ಟಿದ್ದರು. 1975ರಲ್ಲಿ ಮತ್ತೆ ಅಚ್ಚಾಯಿತು. ನಡುವಿನ 93 ವರ್ಷ ಯಾರೂ ಎಸೆಯದ ಪ್ರತಿಯೊಂದು ಎಲ್ಲೋ ಇತ್ತು, ಅದಕ್ಕೇ.

ಮರುಮುದ್ರಣ ಬಂತಲ್ಲ, ಹಳೇದ್ಯಾಕೆ ಅನ್ನುವವರಿಗೆ ಅಂಬೇಡ್ಕರರ ‘ಜಾತಿ ವಿನಾಶ’ದ ಕಥೆ ಹೇಳುತ್ತೇನೆ. ಅದು ಲಾಹೋರಿನ ಜಾತಿವಿರೋಧಿ ಸಂಘವೊಂದಕ್ಕೆ ಅವರು ಬರೆದ ಭಾಷಣ. ಸಂಘದವರು ಅದನ್ನು ರದ್ದು ಮಾಡಿದಾಗ ಅವರು 1936ರಲ್ಲಿ ತಾವೇ 1500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಖಾಲಿ. 1937ರ ಎರಡನೇ ಮುದ್ರಣಕ್ಕೆ ಗಾಂಧೀಜಿಯ ಆಕ್ಷೇಪವನ್ನೂ ತಮ್ಮ ಉತ್ತರವನ್ನೂ ಸೇರಿಸಿದರು. ಎರಡೂ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದೇ ವರ್ಷದಲ್ಲಿ ವಾದ ಎಲ್ಲಿಗೆ ಬೆಳೆಯಿತು ಅಂತ ಕಾಣುತ್ತದೆ.

ಇನ್ನು ಕರಪತ್ರ. ಅದನ್ನು ಮರುಮುದ್ರಣ ಮಾಡುವವರೇ ಇಲ್ಲ. 1951ರಲ್ಲಿ ನಿಮ್ಮ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ದಿನಗಳ ಒಂದೊಂದು ಹಾಳೆಯೂ ನಮ್ಮ ಮಲೆನಾಡಿನ ಆಸ್ತಿ.

ನನ್ನ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಒಮ್ಮೆ ಒಂದು ಗ್ರಂಥಾಲಯ ಹಳೇ ಪುಸ್ತಕಗಳನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಿತ್ತು. ನಾನು ಓಡಿಹೋಗುವಷ್ಟರಲ್ಲಿ ‘ಮಹಿಳಾ ಸಾಹಿತ್ಯ’ ಅಂತ ಚೀಟಿ ಅಂಟಿಸಿದ್ದ ಬೀರು ಮೊದಲೇ ಖಾಲಿಯಾಗಿತ್ತು. ಕನ್ನಡದ ಲೇಖಕಿ ನಂಜನಗೂಡು ತಿರುಮಲಾಂಬ ಬಾಲವಿಧವೆ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿ, ಪತ್ರಿಕೆ ನಡೆಸಿದವರು. ಅವರ ಮೊದಲ ಮುದ್ರಣಗಳನ್ನು ಹುಡುಕಿಕೊಂಡು ಎಷ್ಟು ಊರು ಸುತ್ತಿದ್ದೇನೋ! ನಮ್ಮಲ್ಲಿ ಮನೆ ಖಾಲಿ ಮಾಡುವಾಗ ಹೆಂಗಸರು ಬರೆದದ್ದೇ ಮೊದಲು ಹೊರಗೆ ಹೋಗುತ್ತದೆ.

ಮಳೆಗಾಲದಲ್ಲಿ ಟ್ರಂಕನ್ನು ಗೋಡೆಗೆ ತಾಗಿಸಬೇಡಿ, ನೆಲದಿಂದ ಮೇಲಿಡಿ. ಬೂಷ್ಟು ಹಿಡಿದಿದ್ದರೆ ಬಿಸಿಲಿಗೆ ಹಾಕದೆ ನೆರಳಲ್ಲಿ ಗಾಳಿಗೆ ಹರವಿ. ಹರಿದದ್ದಕ್ಕೆ ಸೆಲೋಟೇಪ್ ಬೇಡವೇ ಬೇಡ.

ಒಂದು ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಸಮಾಜವಾದಿ ಪುಸ್ತಕಗಳ ಪಟ್ಟಿಯನ್ನು ಲೇಖಕರ ಹೆಸರು ಸಮೇತ ಪತ್ರದ ಜೊತೆ ಕಳಿಸಿದ್ದೀರಿ. ಆ ಹೆಂಗಸರ ಹೆಸರು ಮಾತ್ರ ಅದರಲ್ಲಿಲ್ಲ. ಮುಂದಿನ ಪತ್ರದಲ್ಲಿ ಮೊದಲು ಅವನ್ನು ಬರೆಯಿರಿ.