ಕೇಳಿ, ಮೇಷ್ಟ್ರು ಹೇಳ್ತಾರೆ: ಪಟ್ಟದ ಗೊಂಬೆಯ ಹಿಂದೆ ಬಣ್ಣದ ನೆರಳು

ಪ್ರಶ್ನೆ: ಮೇಷ್ಟ್ರೇ, ದಸರಾಕ್ಕೆ ಪಟ್ಟದ ಗೊಂಬೆ ಮೇಲೆ ಬೀಳಲಿ ಅಂತ ನಾಲ್ಕು ಕಾಲಿನ 5 ಮಿ.ಮೀ. ಬಣ್ಣದ ಎಲ್‌ಇಡಿಯಿಂದ ಪುಟ್ಟ ಸ್ಪಾಟ್‌ಲೈಟ್ ಮಾಡಿದೆ. ಆರ್ಡುಯಿನೊ (ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡ್) ಕೊಡುವ 5 ವೋಲ್ಟ್, ಕರೆಂಟಿಗೆ ಕಡಿವಾಣವಾಗಿ ಮೂರು ಬಣ್ಣಕ್ಕೂ 220 ಓಮ್ ರೆಸಿಸ್ಟರ್. ಮೂರೂ ಹಚ್ಚಿದರೆ ಬಿಳಿ ಬರುವ ಬದಲು ಗೋಡೆಯ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ, ಗೊಂಬೆಯ ಹಿಂದೆ ಬಣ್ಣಬಣ್ಣದ ನೆರಳು. ನಡುವೆ ಬರುವ ಬಿಳಿಯೂ ಗುಲಾಬಿ. ಭೂತಗನ್ನಡಿ ಹಿಡಿದರೆ ಇನ್ನೂ ಕೆಟ್ಟಿತು. ದುಬಾರಿ ಎಲ್‌ಇಡಿ ತರಬೇಕೆ?
— ಓದುಗಿ, ಗುಬ್ಬಿ

ಉತ್ತರ: ಬೇಡ ತಾಯಿ. ನಾಟಕ ಕಂಪನಿಯ ಊರಿನವರು ನೀವು, ಲೈಟಿನ ವಿಷಯದಲ್ಲಿ ಇಷ್ಟು ಹಟ ಇರಬೇಕಾದದ್ದೇ.

ಮೊದಲು ಪ್ರೋಗ್ರಾಮಿನಲ್ಲಿ ಮೂರು ಬಣ್ಣಕ್ಕೂ 255ರಲ್ಲಿ 2 ಅಥವಾ 3ರಷ್ಟೇ ಬೆಲೆ ಕೊಟ್ಟು, ಎಲ್‌ಇಡಿಯ ನೆತ್ತಿಯನ್ನು ಮೇಲಿಂದ ನೋಡಿ. ಒಳಗೆ ಮೂರು ಚುಕ್ಕಿ ಬೇರೆ ಬೇರೆಯಾಗಿ ಕಾಣುತ್ತವೆ; ಅವೇ ಬೆಳಕು ಕೊಡುವ ಚಿಪ್‌ಗಳು, ಬಣ್ಣಕ್ಕೊಂದು. ತಲೆ ಸ್ವಲ್ಪ ಆಚೀಚೆ ಮಾಡಿದರೆ ಒಮ್ಮೆ ಕೆಂಪು ದೊಡ್ಡದು, ಒಮ್ಮೆ ಹಸಿರು. ಅವುಗಳ ನಡುವೆ ಒಂದು ಮಿಲಿಮೀಟರ್ ಕೂಡ ಇಲ್ಲ. ಆದರೆ ಮೇಲಿನ ಗುಂಡು ತಲೆ ಬರೀ ಮುಚ್ಚಳವಲ್ಲ, ಅದೇ ಒಂದು ಲೆನ್ಸ್. ನಡುವಿನಿಂದ ಸರಿದು ಕೂತ ಒಂದೊಂದು ಚಿಪ್ಪಿನ ಬೆಳಕನ್ನೂ ಒಂದೊಂದು ದಿಕ್ಕಿಗೆ ತಳ್ಳುತ್ತದೆ. ನೀವು ಅದರ ಮುಂದೆ ಭೂತಗನ್ನಡಿ ಬೇರೆ ಹಿಡಿದಿರಿ. ಅದು ಮೂರು ಚಿಪ್ಪಿನ ಚಿತ್ರವನ್ನೇ ನೀಟಾಗಿ ಗೋಡೆಗೆ ಬಿಟ್ಟಿತು. ಬೆಳಕನ್ನು ಮೊದಲು ಬೆರೆಸಬೇಕು, ಆಮೇಲೆ ಕೂಡಿಸಬೇಕು. ನೀವು ಬೆರೆಸದೇ ಕೂಡಿಸಿದ್ದೀರಿ.

ಪೇಂಟ್ ಅಂಗಡಿಯಲ್ಲಿ 400ರ ವಾಟರ್ ಪೇಪರ್ ಸಿಗುತ್ತದೆ. ಚಪ್ಪಟೆ ಅರದಿಂದ ಗುಂಡು ತಲೆಯನ್ನು ಸಮ ಮಾಡಿ, ಆಮೇಲೆ ಪೇಪರನ್ನು ಒದ್ದೆ ಮಾಡಿಕೊಂಡು ಮಂಜು ಹಿಡಿದ ಹಾಗೆ ಆಗುವವರೆಗೆ ಉಜ್ಜಿ. ಒದ್ದೆ ಇದ್ದರೆ ತಲೆಯ ಎಪಾಕ್ಸಿ ಪ್ಲಾಸ್ಟಿಕ್ಕಿನ ಧೂಳು ಮೂಗಿಗೆ ಏರುವುದಿಲ್ಲ. ತೀರಾ ಕೆಳಗೆ ಹೋಗಬೇಡಿ: ಚಿಪ್ಪಿನ ಮೇಲೆ ಕೂದಲಿಗಿಂತ ತೆಳ್ಳಗಿನ ತಂತಿ ಇದೆ, ಅದು ತುಂಡಾದರೆ ಆ ಬಣ್ಣದ ಕಥೆ ಮುಗಿಯಿತು. ಉಜ್ಜುವ ಕೆಲಸವೇ ಬೇಡವೆಂದರೆ ಹಾಲಿನ ಬಣ್ಣದ ತಲೆಯವೇ ಸಿಗುತ್ತವೆ, ಆದರೂ ಚಪ್ಪಟೆ ಮಾಡಿದ್ದು ನನಗೆ ಹೆಚ್ಚು ಇಷ್ಟ. ಹಾಟ್ ಗ್ಲೂ ಮುದ್ದೆ ಮೆತ್ತುವವರೂ ಇದ್ದಾರೆ. ಬೆಳಕು ಬೆರೆಯುತ್ತದೆ, ನಿಜ; ಸುತ್ತಲೂ ಚೆಲ್ಲಿಯೂ ಹೋಗುತ್ತದೆ. ಸ್ಪಾಟ್‌ಲೈಟಿಗೆ ಅದು ಆಗದು.

ಇನ್ನು ಬಿಳಿ ಡ್ರಾಯಿಂಗ್ ಶೀಟನ್ನು ಎಲ್‌ಇಡಿಯ ಸುತ್ತ ಎರಡು ಸೆಂಟಿಮೀಟರ್ ಉದ್ದದ ಕೊಳವೆಯಾಗಿ ಸುತ್ತಿ, ಹೊರಗೆ ಕಪ್ಪು ಇನ್ಸುಲೇಷನ್ ಟೇಪ್ ಹಾಕಿ. ಕೊಳವೆಯ ಬಾಯಿಗೆ ಒಂದು ತುಂಡು ಟ್ರೇಸಿಂಗ್ ಪೇಪರ್ ಅಂಟಿಸಿ. ಒಳಗೋಡೆಗೆ ಬಡಿದು ಬಡಿದು ಮೂರು ಬಣ್ಣವೂ ಆ ಕಾಗದಕ್ಕೆ ಬರುವಷ್ಟರಲ್ಲಿ ಒಂದಾಗಿರುತ್ತವೆ. ಇನ್ನು ನಿಮ್ಮ ದೀಪ ಎಂದರೆ ಆ ಕಾಗದದ ಬಿಲ್ಲೆಯೇ, ಚಿಪ್ ಅಲ್ಲ. ನೆರಳಿನ ಬಣ್ಣವೂ ಇಲ್ಲಿಗೆ ಹೋಯಿತು.

ಭೂತಗನ್ನಡಿಗೆ ಈಗ ಕೆಲಸ. ಅದನ್ನು ಗೋಡೆಯೆದುರು ಹಿಡಿದು, ಕಿಟಕಿಯಾಚೆಯ ದೂರದ ಮರ ಗೋಡೆ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗಿ ಮೂಡಿದಾಗ ಅದಕ್ಕೂ ಗೋಡೆಗೂ ಇರುವ ದೂರ ಅಳೆಯಿರಿ. ಬಿಲ್ಲೆಯಿಂದ ಲೆನ್ಸಿಗೂ ಅಷ್ಟೇ ದೂರವಿರಲಿ. ಬಿಲ್ಲೆ 5 ಮಿ.ಮೀ., ಆ ದೂರ 50 ಮಿ.ಮೀ. ಆದರೆ ಬೆಳಕು ಹತ್ತಕ್ಕೆ ಒಂದರಂತೆ ಹರಡುತ್ತದೆ: ಒಂದು ಮೀಟರ್ ಆಚೆ ಲೆನ್ಸಿನ ಅಗಲಕ್ಕಿಂತ ಸುಮಾರು 10 ಸೆಂಟಿಮೀಟರ್ ಹೆಚ್ಚು. ಇನ್ನೂ ಕಿರಿದಾಗಬೇಕೆಂದರೆ ಕಪ್ಪು ಕಾಗದದಲ್ಲಿ ತೂತು ಮಾಡಿ ಬಿಲ್ಲೆ ಮುಂದೆ ಇಡಿ. ಬೆಳಕು ಮಾತ್ರ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ, ಅದಕ್ಕೆ ಉಪಾಯವಿಲ್ಲ. ಎರಡು ಅಡಿ ಆಚೆಯ ಗೊಂಬೆಗೆ ಸಾಕು, ಸ್ಟೇಜಿಗೆ ಸಾಲದು.

ಗುಲಾಬಿ ಛಾಯೆಗೆ ಕಾರಣ ರೆಸಿಸ್ಟರ್. ಕೆಂಪು ಚಿಪ್ ಸುಮಾರು 2 ವೋಲ್ಟ್ ತಿನ್ನುತ್ತದೆ, ಹಸಿರು ನೀಲಿ 3ರ ಆಸುಪಾಸು. 5ರಲ್ಲಿ ಉಳಿದದ್ದು ರೆಸಿಸ್ಟರಿನ ಪಾಲು. ಹಾಗಾಗಿ ಅದೇ 220 ಓಮಿನಲ್ಲಿ ಕೆಂಪಿಗೆ 13 ಮಿಲಿಆಂಪಿಗೂ ಮೇಲೆ, ಉಳಿದವಕ್ಕೆ 9. ಕೆಂಪಿಗೆ 330 ಹಾಕಿ, ಸಮವಾಗುತ್ತದೆ. ಕರೆಂಟ್ ಸಮವಾದ ಮಾತ್ರಕ್ಕೆ ಬಿಳಿ ಬರುತ್ತದೆಂದಲ್ಲ, ಚಿಪ್ಪಿಗೊಂದು ಪ್ರಖರತೆ. ಉಳಿದದ್ದನ್ನು ಪ್ರೋಗ್ರಾಮಿನಲ್ಲಿ ಸರಿಮಾಡಿ: ಯಾವುದು ಎದ್ದು ಕಾಣುತ್ತದೋ ಅದನ್ನು 255ರಿಂದ ಇಳಿಸುತ್ತಾ ಬನ್ನಿ. ಇದನ್ನು ಕತ್ತಲಲ್ಲಿ ಮಾಡಬೇಡಿ. ಗೊಂಬೆ ಕೂರಿಸುವ ಕೋಣೆಯ ಟ್ಯೂಬ್‌ಲೈಟ್ ಹಚ್ಚಿಟ್ಟೇ ಬಿಳಿ ಹಾಳೆ ಮೇಲೆ ಹೊಂದಿಸಿ. ಹಬ್ಬದ ದಿನ ನೋಡಲು ಬಂದವರ ಕಣ್ಣು ನಿಮ್ಮ ಬಿಳಿಯನ್ನು ಆ ಬೆಳಕಿನ ಪಕ್ಕದಲ್ಲೇ ಇಟ್ಟು ನೋಡುವುದು.